ಹಲ್ಲು ಬರಲಿ ಎಂದು ಮಗುವನ್ನು ಕಾಯಿಸುವುದೇಕೆ?

ಈದ್‌ನ ಮರುದಿನ ಪುತ್ತೂರಿನ ಕಡೆಯ ಬಂಧುಗಳ ಮನೆಯೊಂದರಲ್ಲಿ ನಾವು ಊಟಕ್ಕೆ ಕುಳಿತಿದ್ದೆವು. ಸುಪ್ರದ ಮೇಲೆ ಪತ್ತಿರ್, ಕೋಳಿಸಾರು, ಬೇಯಿಸಿದ ಮೊಟ್ಟೆ. ಆ ಮನೆಯ ಎಂಟು ತಿಂಗಳ ಹೆಣ್ಣುಮಗು ಅಜ್ಜಿಯ ಮಡಿಲಲ್ಲಿತ್ತು. ಪ್ರತಿಯೊಬ್ಬರ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನು ಅದು ಕಣ್ಣೆವೆ ಮಿಟುಕಿಸದೆ ನೋಡುತ್ತಿತ್ತು. ಒಂದು ಕ್ಷಣದಲ್ಲಿ ಮುಂದಕ್ಕೆ ಬಾಗಿ ಅಜ್ಜಿಯ ತಟ್ಟೆಯಲ್ಲಿದ್ದ ಪತ್ತಿರ್‌ನ ಅಂಚನ್ನು ಹಿಡಿದೇಬಿಟ್ಟಿತು. ಅಜ್ಜಿ ನಗುತ್ತಲೇ ಆ ಪುಟ್ಟ ಮುಷ್ಟಿಯನ್ನು ಬಿಡಿಸಿ, ತಲೆವಸ್ತ್ರದ ತುದಿಯಿಂದ ಕೈ ಒರೆಸಿ, "ಹಲ್ಲು ಬರಲಿ ಮಗಳೇ, ಆಮೇಲೆ ತಿಂದರಾಯಿತು" ಎಂದರು. ಮಗು ಅತ್ತಿತು. ಒಳಗಿನಿಂದ ಯಾರೋ ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ತಂದು ಅದರ ಬಾಯಿಗಿಟ್ಟರು. ಅಳು ನಿಂತಿತು.

ಆ ಅಜ್ಜಿಯ ಬಾಯಲ್ಲೂ ಈಗ ಮೂರೋ ನಾಲ್ಕೋ ಹಲ್ಲುಗಳು ಮಾತ್ರ ಉಳಿದಿವೆ. ಪತ್ತಿರ್ ಅನ್ನು ಸಾರಿನಲ್ಲಿ ನೆನೆಸಿ, ವಸಡಿನಲ್ಲೇ ಅರೆದು ಅವರು ಸುಖವಾಗಿ ಉಣ್ಣುತ್ತಿದ್ದರು. ಹಲ್ಲಿಲ್ಲದ ಅಜ್ಜಿಗೆ ಸಲ್ಲುವ ಊಟ ಹಲ್ಲಿಲ್ಲದ ಮೊಮ್ಮಗಳಿಗೆ ಏಕೆ ಸಲ್ಲದು ಎಂದು ಅಂದು ಅಲ್ಲಿ ಕೇಳುವ ಧೈರ್ಯ ನಮಗಾಗಲಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇವೆ.

ಇದು ಒಂದು ಮನೆಯ ಮಾತಲ್ಲ. ನಮ್ಮ ಪಟ್ಟಣಗಳ ಕುಟುಂಬಗಳಲ್ಲಿ ಮಗು ಹುಟ್ಟಿದ ಏಳನೆಯ ದಿನವನ್ನು ಬೆರಳೆಣಿಸಿ ಲೆಕ್ಕವಿಡುತ್ತಾರೆ. ಅಕೀಕಾದ ಆಡು, ಅತಿಥಿಗಳ ಪಟ್ಟಿ, ಹೆಸರು, ಯಾವುದೂ ತಪ್ಪುವುದಿಲ್ಲ. ಆದರೆ ಆರು ತಿಂಗಳು ತುಂಬಿದ ದಿನಕ್ಕೆ ಯಾರೂ ಲೆಕ್ಕವಿಡುವುದಿಲ್ಲ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಹಲ್ಲು ಬಂತಾ? ಬಂದಿಲ್ಲವೆಂದರೆ ಊಟದ ಮಾತು ಅಲ್ಲಿಗೇ ಮುಗಿಯುತ್ತದೆ. ಇದರ ಹಿಂದಿರುವುದು ನಿರ್ಲಕ್ಷ್ಯವಲ್ಲ, ಪ್ರೀತಿಯೇ. ಆದರೆ ಅಳತೆಗೋಲು ತಪ್ಪಾಗಿದೆ.

ಮೊದಲು ಹಲ್ಲಿನ ಲೆಕ್ಕವನ್ನೇ ನೋಡೋಣ. ಹೆಚ್ಚಿನ ಮಕ್ಕಳಿಗೆ ಆರರಿಂದ ಹತ್ತು ತಿಂಗಳ ನಡುವೆ ಕೆಳಗಿನ ಎರಡು ಬಾಚಿಹಲ್ಲುಗಳು ಮೂಡುತ್ತವೆ. ಕೆಲವರಿಗೆ ನಾಲ್ಕನೆಯ ತಿಂಗಳಿಗೇ ಬರುತ್ತವೆ, ಇನ್ನು ಕೆಲವರಿಗೆ ವರ್ಷ ತುಂಬಿದರೂ ಬರುವುದಿಲ್ಲ. ಎರಡೂ ಸಹಜವೇ. ಆದರೆ ಬಾಚಿಹಲ್ಲು ಕಚ್ಚಿ ತುಂಡರಿಸುವುದಕ್ಕಿರುವುದೇ ಹೊರತು ಅರೆಯುವುದಕ್ಕಲ್ಲ. ಅರೆಯುವ ಮೊದಲ ದವಡೆ ಹಲ್ಲುಗಳು ಮೂಡುವುದು ಸಾಮಾನ್ಯವಾಗಿ 13ರಿಂದ 19 ತಿಂಗಳ ನಡುವೆ. ಇಪ್ಪತ್ತು ಹಾಲುಹಲ್ಲುಗಳೂ ತುಂಬುವ ಹೊತ್ತಿಗೆ ಮಗುವಿಗೆ ಮೂರು ವರ್ಷ ಸಮೀಪಿಸಿರುತ್ತದೆ. ಅಗಿಯಲು ಹಲ್ಲು ಬರಲಿ ಎಂದು ನಿಜವಾಗಿಯೂ ಕಾಯುವುದಾದರೆ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ಅಷ್ಟು ಕಾಲ ಯಾರೂ ಕಾಯುವುದಿಲ್ಲ. ಎರಡು ಬಾಚಿಹಲ್ಲು ಕಂಡ ಕೂಡಲೇ ಅನ್ನ ಕೊಡುತ್ತಾರೆ. ಆ ಎರಡು ಹಲ್ಲುಗಳು ಅನ್ನವನ್ನು ಅರೆಯುವುದೇ ಇಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅರೆಯುವುದು ವಸಡು.

ಬೆರಳಿಟ್ಟು ನೋಡಿದವರಿಗೆ ಗೊತ್ತು, ಆರು ತಿಂಗಳ ಮಗುವಿನ ವಸಡು ಎಷ್ಟು ಗಟ್ಟಿ ಎಂದು. ಹಾಲುಹಲ್ಲುಗಳು ಹುಟ್ಟುವಾಗಲೇ ಆ ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ, ಹೊರಗೆ ಕಾಣುವುದಿಲ್ಲ ಅಷ್ಟೇ. ಮೆತ್ತಗೆ ಬೆಂದ ಗೆಣಸನ್ನು, ಕಳಿತ ಬಾಳೆಯನ್ನು ನಾಲಿಗೆ ಮತ್ತು ವಸಡುಗಳ ನಡುವೆ ನುರಿಯಲು ಹಲ್ಲು ಬೇಡ. ನೋಡಬೇಕಾದುದು ಬೇರೆಯೇ ಇದೆ. ಆಸರೆ ಕೊಟ್ಟರೆ ಮಗು ನೆಟ್ಟಗೆ ಕುಳಿತುಕೊಳ್ಳುತ್ತದೆಯೇ? ಕುತ್ತಿಗೆ ಓಲಾಡದೆ ನಿಲ್ಲುತ್ತದೆಯೇ? ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆಯೇ? ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದಬ್ಬುವ ಅಭ್ಯಾಸ ಕಡಿಮೆಯಾಗಿದೆಯೇ? ಆರು ತಿಂಗಳು ತುಂಬಿ, ಈ ಲಕ್ಷಣಗಳು ಕಂಡವೆಂದರೆ ಮಗು ಸಿದ್ಧವಾಗಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಆರು ತಿಂಗಳೆಂಬ ಗಡಿ ಬಂದದ್ದಕ್ಕೆ ಬಲವಾದ ಕಾರಣವಿದೆ. ಪೂರ್ಣಾವಧಿಗೆ ಹುಟ್ಟಿದ ಮಗು ತಾಯಿಯ ಗರ್ಭದಿಂದಲೇ ಒಂದಷ್ಟು ಕಬ್ಬಿಣಾಂಶದ ಸಂಗ್ರಹವನ್ನು ಹೊತ್ತು ತರುತ್ತದೆ. ಅದು ಸುಮಾರು ಆರು ತಿಂಗಳಲ್ಲಿ ಕರಗುತ್ತದೆ. ಎದೆಹಾಲಿಗೆ ಸಮನಾದ ಆಹಾರ ಇನ್ನೊಂದಿಲ್ಲವಾದರೂ ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಆರನೆಯ ತಿಂಗಳ ನಂತರ ಎದೆಹಾಲಿನ ಜೊತೆಗೆ ಬೇರೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತನೆಯ ತಿಂಗಳಿನಿಂದ ಸುಮಾರು 300 ಕ್ಯಾಲೊರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಈ ಕೊರತೆಯನ್ನು ಚಹಾ ಬಿಸ್ಕತ್ತು ತುಂಬುವುದಿಲ್ಲ. ಚಹಾದಲ್ಲಿರುವ ಒಗರು ಇದ್ದಬದ್ದ ಕಬ್ಬಿಣಾಂಶವನ್ನೂ ಮೈಗೆ ಹತ್ತದಂತೆ ತಡೆಯುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಅಂಕಿಅಂಶಗಳನ್ನು ಗಮನಿಸಿ. ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳ ಪೈಕಿ ಎದೆಹಾಲಿನೊಂದಿಗೆ ಘನ ಅಥವಾ ಅರೆಘನ ಆಹಾರ ಸಿಗುತ್ತಿದ್ದುದು ಶೇ. 45.9 ಮಕ್ಕಳಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಯುತ್ತಿದ್ದರು. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಎನ್ನಬಹುದಾದ ಆಹಾರ ಪಡೆಯುತ್ತಿದ್ದವರು ಕೇವಲ ಶೇ. 11.3. ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆಯ ಪ್ರಮಾಣ ದೇಶದಲ್ಲಿ ಶೇ. 67.1, ನಮ್ಮ ರಾಜ್ಯದಲ್ಲಿ ಶೇ. 65.5. ಇದೆಲ್ಲ ಬಡವರ ಮನೆಯ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಶುಕ್ರವಾರ ಬಿರಿಯಾನಿ ಬೇಯುವ ಮನೆಯಲ್ಲೂ ಮಗುವಿಗೆ ಸಿಗುವುದು ನೀರು ಗಂಜಿಯೇ.

ಗಂಜಿಯ ಮಾತು ಬಂದುದರಿಂದ ನ್ಯಾಯವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ಕರಾವಳಿಯಲ್ಲಿ ರಾಗಿ ಮಣ್ಣಿ, ಘಟ್ಟದ ಮೇಲೆ ರಾಗಿ ಸರಿ, ಉರ್ದು ಮಾತನಾಡುವ ಮನೆಗಳಲ್ಲಿ ಮೆತ್ತನೆಯ ಖಿಚಡಿ, ಇವನ್ನು ಹಲ್ಲಿಗೆ ಕಾಯದೆ ಕೊಡುವ ತಾಯಂದಿರೂ ಇದ್ದಾರೆ. ಅವು ಒಳ್ಳೆಯ ಆಹಾರಗಳೇ. ಆದರೆ ಸಮಸ್ಯೆ ಅಲ್ಲಿಗೆ ಮುಗಿಯುವುದಿಲ್ಲ. ಆರನೆಯ ತಿಂಗಳಿಗೆ ಆರಂಭವಾದ ತೆಳ್ಳನೆಯ ಮಣ್ಣಿ ಹನ್ನೆರಡನೆಯ ತಿಂಗಳಿಗೂ ಅಷ್ಟೇ ತೆಳ್ಳಗಿರುತ್ತದೆ. ಕೆಲವೆಡೆ ಬಾಟಲಿಯ ನಿಪ್ಪಲ್‌ನ ತೂತನ್ನು ಸೂಜಿಯಿಂದ ದೊಡ್ಡದು ಮಾಡಿ ಅದರಲ್ಲೇ ಕುಡಿಸುತ್ತಾರೆ. ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವುದು ಈಗಿನ ರೂಢಿ. ಮಗುವಿನ ನಾಲಿಗೆಗೆ ಆಹಾರವನ್ನು ಬಾಯಿಯ ಬದಿಗೆ ಸರಿಸಲು, ದವಡೆಗೆ ನುರಿಯಲು ಕಲಿಸುವವರು ಯಾರು? ಗಂಟುಗಂಟಾದ ಆಹಾರದ ಪರಿಚಯ ಹತ್ತು ತಿಂಗಳಿಗಿಂತ ತಡವಾದರೆ ಮುಂದೆ ಊಟದ ತೊಂದರೆಗಳು ಹೆಚ್ಚುವ ಸಾಧ್ಯತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಎರಡು ವರ್ಷದ ಮಗು ಒಂದು ಅಗುಳು ಸಿಕ್ಕಿದರೂ ವಾಂತಿ ಮಾಡುತ್ತದೆ ಎಂದು ದೂರುವ ತಾಯಂದಿರನ್ನು ನಾವು ಕಂಡಿದ್ದೇವೆ. ಆ ಮಗುವಿಗೆ ಹಲ್ಲುಗಳಿವೆ, ಅಗಿಯುವ ವಿದ್ಯೆ ಇಲ್ಲ.

ಎಂಟನೆಯ ತಿಂಗಳ ಹೊತ್ತಿಗೆ ಬಹುತೇಕ ಮಕ್ಕಳು ಕೈಯಲ್ಲಿ ಹಿಡಿದು ತಿನ್ನಬಲ್ಲರು. ಹಾಗಾದರೆ ಏನು ಕೊಡಬೇಕು, ಹೇಗೆ ಕೊಡಬೇಕು? ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಒತ್ತಿದರೆ ಹಿಸುಕಿಹೋಗಬೇಕು, ಅದೇ ಪರೀಕ್ಷೆ. ಹಬೆಯಲ್ಲಿ ಬೆಂದ ಕ್ಯಾರೆಟ್, ಸಿಹಿಗುಂಬಳ, ಗೆಣಸು, ಬಟಾಟೆ, ಕಳಿತ ಪಪ್ಪಾಯಿ, ಬಾಳೆಹಣ್ಣು, ಬೇಯಿಸಿದ ನೇಂದ್ರ ಬಾಳೆ, ಇಡ್ಲಿ, ಮೃದುವಾದ ನೀರುದೋಸೆ ಇವೆಲ್ಲ ಆ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಆರೇಳು ತಿಂಗಳ ಮಗು ವಸ್ತುವನ್ನು ಇಡೀ ಅಂಗೈಯಿಂದ ಹಿಡಿಯುತ್ತದೆ, ಮುಷ್ಟಿಯೊಳಗೆ ಇರುವುದನ್ನು ಬಾಯಿಗೆ ತರಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ತುಂಡು ದೊಡ್ಡವರ ಬೆರಳಿನಷ್ಟು ಉದ್ದವಿರಲಿ, ಅರ್ಧ ಮುಷ್ಟಿಯಿಂದ ಹೊರಗೆ ಚಾಚಿರಲಿ. ಒಂಬತ್ತನೆಯ ತಿಂಗಳ ಆಸುಪಾಸಿನಲ್ಲಿ ಅದು ಎರಡು ಬೆರಳುಗಳಿಂದ ಹೆಕ್ಕಲು ಕಲಿಯುತ್ತದೆ, ಆಗ ಅದೇ ಮೆತ್ತನೆಯ ಆಹಾರವನ್ನು ಸಣ್ಣ ಚೂರುಗಳಾಗಿ ಕೊಡಬಹುದು. ಚೂರು ಚಿಕ್ಕದಾದಷ್ಟೂ ಕ್ಷೇಮವೆಂದು ನಾವು ಭಾವಿಸುತ್ತೇವೆ. ಆದರೆ ಆರನೆಯ ತಿಂಗಳಿಗೆ ಬೆರಳುದ್ದದ ಮೆತ್ತನೆಯ ತುಂಡೇ ಹಿಡಿಯಲು ಅನುಕೂಲ.

ತರಕಾರಿಯೊಂದೇ ಸಾಲದು. ಮಾಂಸ, ಮೀನು ಅಥವಾ ಮೊಟ್ಟೆ ಪ್ರತಿದಿನವೂ ಮಗುವಿನ ಆಹಾರದಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ಮಾಂಸ ಬೇಯುವ ನಮ್ಮ ಅಡುಗೆಮನೆಗಳಿಗೆ ಇದು ಕಷ್ಟದ ಮಾತೇ ಅಲ್ಲ. ಖೀಮಾವನ್ನು ಚೆನ್ನಾಗಿ ಬೇಯಿಸಿ, ಬಟಾಟೆಯೊಂದಿಗೆ ನಾದಿ ಬೆರಳಿನಾಕಾರದಲ್ಲಿ ಮಾಡಿದರೆ ಮಗು ಅದನ್ನು ಹಿಡಿದು ಚೀಪುತ್ತದೆ, ವಸಡಿನಲ್ಲಿ ನುರಿಯುತ್ತದೆ. ಮೀನಾದರೆ ಪ್ರತಿ ಎಸಳನ್ನೂ ಬೆರಳಿನಿಂದ ತಡವಿ ಮುಳ್ಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತೊಗರಿಬೇಳೆ, ಹೆಸರುಬೇಳೆಯ ಗಟ್ಟಿ ತೊವ್ವೆಯಲ್ಲಿ ನೆನೆಸಿದ ಪತ್ತಿರ್ ಅಥವಾ ಚಪಾತಿಯೂ ಆದೀತು. ಉಪ್ಪು, ಖಾರ ಹಾಕುವ ಮುನ್ನ ಮಗುವಿನ ಪಾಲನ್ನು ತೆಗೆದಿಡಬೇಕು. ಸಕ್ಕರೆ, ಬೆಲ್ಲಗಳಿಗೆ ಮೊದಲ ವರ್ಷದಲ್ಲಿ ಅವಸರವೇನಿದೆ? ಎದೆಹಾಲು ಮಾತ್ರ ಎಂದಿನಂತೆ ಮುಂದುವರಿಯಬೇಕು. ಈ ತುಂಡುಗಳು ಹಾಲಿನ ಬದಲಿಗಲ್ಲ, ಹಾಲಿನ ಜೊತೆಗೆ. ಮೊದಲ ವಾರಗಳಲ್ಲಿ ಮಗು ತಿನ್ನುವುದಕ್ಕಿಂತ ಹೆಚ್ಚು ಚೆಲ್ಲುತ್ತದೆ. ಆದ್ದರಿಂದ ಚಮಚದ ಗಟ್ಟಿ ರಾಗಿ ಸರಿಯೂ ಇರಲಿ, ಕೈಯ ತುಂಡೂ ಇರಲಿ.

ಅಜ್ಜಿಯಂದಿರ ಭಯಕ್ಕೆ ಬರೋಣ. ಗಂಟಲಲ್ಲಿ ಸಿಕ್ಕಿಕೊಂಡರೆ? ಈ ಭಯ ಸುಳ್ಳಲ್ಲ, ಅದನ್ನು ನಕ್ಕು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಭಯ ತಪ್ಪು ಜಾಗದಲ್ಲಿ ಕುಳಿತಿದೆ. ಬೆಂದ ಗೆಣಸಿಗೆ ಹೆದರುವ ಮನೆಯಲ್ಲೇ ಹುರಿದ ಕಡಲೆ, ನೆಲಗಡಲೆ, ದ್ರಾಕ್ಷಿ, ಚಿಕ್ಕುವಿನ ಬೀಜ, ಖರ್ಜೂರದ ಬೀಜ, ಪೆಪ್ಪರ್‌ಮಿಂಟುಗಳು ನೆಲದ ಮೇಲೆ, ತೆವಳುವ ಮಗುವಿನ ಕೈಗೆ ಎಟಕುವಲ್ಲಿ ಬಿದ್ದಿರುತ್ತವೆ. ಮದುವೆ ಮನೆಗಳಲ್ಲಂತೂ ಹೇಳುವುದೇ ಬೇಡ. ಮಗುವಿನ ಉಸಿರು ಕಟ್ಟಿಸುವುದು ಗುಂಡಗಿನ, ಗಟ್ಟಿಯಾದ, ಜಾರುವ ವಸ್ತುಗಳು. ಹಸಿ ಕ್ಯಾರೆಟ್, ಹಸಿ ಸೇಬಿನ ತುಂಡು, ಕೊಬ್ಬರಿ ಚೂರು, ಚಕ್ಕುಲಿ, ಪಾಪ್‌ಕಾರ್ನ್ ಕೂಡ ಈ ಗುಂಪಿಗೇ ಸೇರುತ್ತವೆ. ಇವನ್ನು ಹಲ್ಲು ಬಂದ ಮಗುವಿಗೂ ಕೊಡಬಾರದು. ನೆಲಗಡಲೆಯ ವಿಷಯದಲ್ಲಿ ಎರಡು ಹಲ್ಲು ಇರುವ ಮಗುವೂ ಹಲ್ಲೇ ಇಲ್ಲದ ಮಗುವೂ ಒಂದೇ.

ಇನ್ನೊಂದು ವ್ಯತ್ಯಾಸವನ್ನು ಪ್ರತಿ ಮನೆಯವರೂ ಅರಿತಿರಬೇಕು. ಹೊಸದಾಗಿ ತಿನ್ನಲು ಕಲಿಯುವ ಮಗು ಓಕರಿಸುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತದೆ, ಸದ್ದು ಮಾಡುತ್ತದೆ, ತುಂಡನ್ನು ಮುಂದಕ್ಕೆ ತಳ್ಳುತ್ತದೆ. ಓಕರಿಕೆಯನ್ನು ಪ್ರಚೋದಿಸುವ ಜಾಗ ಶಿಶುವಿನ ನಾಲಿಗೆಯಲ್ಲಿ ನಮಗಿಂತ ಮುಂದಿದೆ, ಅದು ಶಿಶುವಿಗಿರುವ ರಕ್ಷಣೆ. ಆಗ ಗಾಬರಿಯಿಂದ ಬಾಯೊಳಗೆ ಬೆರಳು ತೂರಿಸಿದರೆ ತುಂಡು ಇನ್ನಷ್ಟು ಒಳಕ್ಕೆ ಹೋಗಬಹುದು. ಉಸಿರು ಕಟ್ಟಿದ ಮಗು ಹಾಗಲ್ಲ, ಅದು ಸದ್ದು ಮಾಡುವುದಿಲ್ಲ. ಅಳಲಾರದು, ಕೆಮ್ಮಲಾರದು, ತುಟಿ ನೀಲಿಗಟ್ಟುತ್ತದೆ. ಕೂಡಲೇ ಮಗುವನ್ನು ಮುಂಗೈಯ ಮೇಲೆ ಬೋರಲು ಮಲಗಿಸಿ, ದವಡೆಗೆ ಆಧಾರ ಕೊಟ್ಟು, ತಲೆ ಎದೆಗಿಂತ ತಗ್ಗಿನಲ್ಲಿರುವಂತೆ ಹಿಡಿದು, ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುಮೂಳೆಯ ಮೇಲೆ ಐದು ಬಾರಿ ಒತ್ತಬೇಕು. ತುಂಡು ಹೊರಬರುವವರೆಗೆ ಹೀಗೆಯೇ ಮುಂದುವರಿಸಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ವರ್ಷದೊಳಗಿನ ಮಗುವಿನ ಹೊಟ್ಟೆಯನ್ನು ಒತ್ತಬಾರದು. ಓದಿ ತಿಳಿದರೆ ಸಾಲದು, ಕೈಯಲ್ಲಿ ಮಾಡಿ ಕಲಿಯಬೇಕಾದ ವಿದ್ಯೆ ಇದು. ನಮ್ಮ ಯುವಕ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಶ್ಲಾಘನೀಯವಾಗಿ ನಡೆಸುತ್ತಿವೆ. ಮದ್ರಸದ ಸಭಾಂಗಣದಲ್ಲಿ ಒಬ್ಬ ನರ್ಸನ್ನು ಕರೆಸಿ, ತಾಯಂದಿರಿಗೂ ಅಜ್ಜಿಯಂದಿರಿಗೂ ಗೊಂಬೆಯ ಮೇಲೆ ಇದನ್ನು ಅರ್ಧ ಗಂಟೆ ಕಲಿಸುವುದಕ್ಕೆ ಎಷ್ಟು ಖರ್ಚು ಬೀಳುತ್ತದೆ? ಇನ್ನು ಮಗುವನ್ನು ಮಲಗಿಸಿ ತಿನ್ನಿಸುವುದು, ತೆವಳುವಾಗ ಹಿಂಬಾಲಿಸಿ ತುರುಕುವುದು, ತುಂಡು ಕೊಟ್ಟು ಒಲೆಯ ಕಡೆಗೆ ಹೋಗುವುದು ಬೇಡವೇ ಬೇಡ. ತಿನ್ನುವಷ್ಟು ಹೊತ್ತು ಮಗು ಕುಳಿತಿರಬೇಕು, ಒಬ್ಬರು ಎದುರಿಗಿರಬೇಕು.

ಜೇನಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನವಜಾತ ಶಿಶುವಿನ ಬಾಯಿಗೆ ಖರ್ಜೂರದ ಸವಿ ಸವರುವ ತಹ್ನೀಕ್‌ನ ಹೆಸರಿನಲ್ಲಿ ಹಲವೆಡೆ ಜೇನು ನೆಕ್ಕಿಸುತ್ತಾರೆ. ಮುಂದೆ ಹಲ್ಲು ಬರುವ ಕಾಲದ ಕಿರಿಕಿರಿಗೆಂದು ವಸಡಿಗೂ ಜೇನನ್ನೇ ಹಚ್ಚುತ್ತಾರೆ. ಜೇನಿನಲ್ಲಿ ಶಮನವಿದೆ ಎಂಬುದನ್ನು ಓದಿಯೇ ಬೆಳೆದವರು ನಾವು. ಆದರೆ ಔಷಧಕ್ಕೂ ವಯಸ್ಸು, ಪ್ರಮಾಣಗಳಿರುತ್ತವೆ. ಜೇನಿನಲ್ಲಿ ಬೊಟುಲಿಸಂ ಎಂಬ ಕಾಯಿಲೆಯನ್ನು ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಕಾರುತ್ತವೆ. ಮಗು ಹಾಲು ಚೀಪಲಾರದೆ, ಜೋರಾಗಿ ಅಳಲಾರದೆ ಸೊರಗುತ್ತದೆ, ಉಸಿರಾಟಕ್ಕೇ ಸಂಚಕಾರ ಬರಬಹುದು. ಮನೆಯಲ್ಲಿ ಕುದಿಸಿದರೂ ಆ ಬೀಜಾಣುಗಳು ಸಾಯುವುದಿಲ್ಲ. ಕಾಯಿಲೆ ಅಪರೂಪದ್ದಿರಬಹುದು, ಆದರೆ ವರ್ಷ ತುಂಬುವವರೆಗೆ ಜೇನನ್ನು ದೂರವಿಟ್ಟರೆ ಯಾರಿಗೂ ನಷ್ಟವಿಲ್ಲ.

ಈಗ ಮನೆಯೊಳಗಿನ ರಾಜಕಾರಣ. ಎಷ್ಟೋ ಮನೆಗಳಲ್ಲಿ ತಾಯಿಗೆ ಇದೆಲ್ಲ ಗೊತ್ತಿದೆ. ಆಸ್ಪತ್ರೆಯಲ್ಲಿ ಹೇಳಿದ್ದಾರೆ, ತಾಯಿ ಕಾರ್ಡಿನಲ್ಲಿ ಚಿತ್ರಸಮೇತ ಅಚ್ಚಾಗಿದೆ. ಆದರೆ ಇಪ್ಪತ್ತೆರಡು ವರ್ಷದ ಸೊಸೆ ಅತ್ತೆಯ ಎದುರು ಮಗುವಿನ ಕೈಗೆ ಗೆಣಸಿನ ತುಂಡು ಕೊಡುವುದು ಸುಲಭವಲ್ಲ. ಮಗು ಒಮ್ಮೆ ಕೆಮ್ಮಿದರೆ ಸಾಕು, ಜೀವಮಾನವಿಡೀ ಆ ಮಾತು ಕೇಳಬೇಕು. ಗಂಡ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ, ರಜೆಗೆ ಬರುವಾಗ ದುಬಾರಿ ಬೇಬಿ ಫುಡ್ ಡಬ್ಬಿಗಳನ್ನು ಹೊತ್ತು ತಂದು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾನೆ. ಸೂರಃ ಅಲ್‌ಬಕರಃದ 233ನೆಯ ಸೂಕ್ತವನ್ನು ನಾವು ಮದ್ರಸದಲ್ಲಿ ಓದಿದ್ದು ಸ್ತನ್ಯಪಾನದ ಎರಡು ವರ್ಷಗಳ ಅವಧಿಗಾಗಿ. ಅದೇ ಸೂಕ್ತದಲ್ಲಿ ಮಗುವಿಗೆ ಹಾಲು ಬಿಡಿಸುವ ನಿರ್ಧಾರ ತಂದೆತಾಯಿಯರಿಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗುವ ಪ್ರಸ್ತಾಪವಿದೆ. ಅದು ಹಾಲು ಬಿಡಿಸುವುದರ ಕುರಿತು, ಆಹಾರ ಆರಂಭಿಸುವುದರ ಕುರಿತಲ್ಲ ಎಂಬುದು ನಮಗೆ ತಿಳಿದಿದೆ. ಆದರೂ ಶಿಶುವಿನ ಊಟದ ವಿಷಯ ತಂದೆ ಕುಳಿತು ಮಾತನಾಡಬೇಕಾದ ವಿಷಯ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೇ? ರಾತ್ರಿ ವಿಡಿಯೊ ಕರೆಯಲ್ಲಿ ಮಗುವಿನ ಮುಖ ನೋಡುವ ತಂದೆ, ಇಂದು ಅದು ಏನು ತಿಂದಿತು ಎಂದು ಕೇಳಲಿ. "ಉಮ್ಮಾ, ಡಾಕ್ಟರ್ ಹೇಳಿದ ಹಾಗೆ ಕೊಡಲಿ, ನೀವು ಹತ್ತಿರ ಕೂತಿರಿ" ಎಂಬ ಮಾತನ್ನು ತನ್ನ ತಾಯಿಗೆ ಅವನೇ ಹೇಳಲಿ. ಸೊಸೆ ಹೇಳುವುದಕ್ಕೂ ಮಗ ಹೇಳುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತು. ಬೀಡಿ ಕಟ್ಟುವ ತಾಯಿಗಂತೂ ಮಗು ಚೆಲ್ಲಾಡುತ್ತ ತಿನ್ನುವ ಆ ಅರ್ಧ ಗಂಟೆ ಎಂದರೆ ಕೂಲಿಯಲ್ಲಿ ಕಡಿತ. ಮನೆಯ ಉಳಿದವರು ಆ ಅರ್ಧ ಗಂಟೆಯನ್ನು ವಹಿಸಿಕೊಳ್ಳದೆ ಆಕೆಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಹೊರಗಿನ ರಾಜಕಾರಣವೂ ಇದೆ. 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಿರೋಧವನ್ನು ಓದುಗರು ಮರೆತಿರಲಾರರು. ಬಡ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಸಿಯಬೇಡಿ ಎಂದು ಅಂದು ನಾವೆಲ್ಲ ನ್ಯಾಯವಾಗಿಯೇ ವಾದಿಸಿದೆವು. ವಿಪರ್ಯಾಸವೆಂದರೆ, ಹಾಗೆ ವಾದಿಸಿದ ನಮ್ಮ ಮನೆಗಳಲ್ಲೇ ಎಂಟು ತಿಂಗಳ ಮಗುವಿಗೆ ಮೊಟ್ಟೆ ನಿಷಿದ್ಧ. ಅದಕ್ಕೆ ಯಾವ ಮಠವೂ ಅಡ್ಡಿ ಬಂದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಂಗನವಾಡಿಯ ಮೂಲಕ ವಯಸ್ಸಿಗೆ ತಕ್ಕ ಪೌಷ್ಟಿಕ ಆಹಾರವನ್ನು ಉಚಿತವಾಗಿ ಪಡೆಯುವ ಹಕ್ಕನ್ನು ನೀಡಿದೆ. ಕಾಯ್ದೆ ಎಣಿಸಿದ್ದು ತಿಂಗಳುಗಳನ್ನು, ಹಲ್ಲುಗಳನ್ನಲ್ಲ. ಅಂಗನವಾಡಿ ಎಂದರೆ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸುವ ಜಾಗ ಎಂದಷ್ಟೇ ತಿಳಿದವರು ನಮ್ಮ ಓಣಿಗಳಲ್ಲಿದ್ದಾರೆ. ಆರು ತಿಂಗಳ ಮಗುವಿನ ಹೆಸರನ್ನೂ ಅಲ್ಲಿ ಬರೆಸಬೇಕು, ಮನೆಗೆ ಕೊಡುವ ಆಹಾರವನ್ನು ಕೇಳಿ ಪಡೆಯಬೇಕು, ಕೊಡದಿದ್ದರೆ ಪ್ರಶ್ನಿಸಬೇಕು. ಡಬ್ಬಿಯ ಆಹಾರದ ವಿಷಯದಲ್ಲೂ ಕಾನೂನು ಸುಮ್ಮನಿಲ್ಲ. 1992ರ ಶಿಶುಹಾಲಿನ ಬದಲಿಗಳ ಕಾಯ್ದೆಯು 2003ರ ತಿದ್ದುಪಡಿಯ ಬಳಿಕ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಿಷೇಧಿಸಿದೆ. ಜಾಹೀರಾತಿಲ್ಲದೆಯೂ ಡಬ್ಬಿಗಳು ನಮ್ಮ ಕಪಾಟುಗಳಿಗೆ ಬರುತ್ತಿವೆ, ಅದು ಬೇರೆ ಮಾತು.

ಮೊನ್ನೆ ಪುತ್ತೂರಿನ ಆ ಮನೆಗೆ ಮತ್ತೊಮ್ಮೆ ಹೋಗಬೇಕಾಯಿತು. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು, ಕೈಯಲ್ಲಿ ಬೆಂದ ಸಿಹಿಗುಂಬಳದ ತುಂಡಿತ್ತು. ಒಂದಂಶ ಬಾಯಲ್ಲಿ, ಒಂದಂಶ ಕೂದಲಲ್ಲಿ, ಉಳಿದದ್ದು ಚಾಪೆಯ ಮೇಲೆ. ಫೋನಿನಲ್ಲಿ ಮಗ ಏನು ಹೇಳಿದನೋ ನಮಗೆ ತಿಳಿಯದು. ಅಜ್ಜಿ ಎದುರಿಗೆ ಕುಳಿತು, ಮಗು ಕೆಮ್ಮಿದಾಗಲೆಲ್ಲ ಅರ್ಧ ಎದ್ದು ಮತ್ತೆ ಕುಳಿತುಕೊಳ್ಳುತ್ತಿದ್ದರು. ನಮ್ಮನ್ನು ಕಂಡವರೇ ಕೇಳಿದ್ದು, ಮೊಟ್ಟೆಯಲ್ಲಿ ಮೊದಲು ಹಳದಿ ಕೊಡಬೇಕೋ ಬಿಳಿಯೋ ಎಂದು. ಎರಡನ್ನೂ ಕೊಡಬಹುದು, ಗಟ್ಟಿಯಾಗಿ ಬೆಂದಿದ್ದರೆ ಸಾಕು ಎಂದೆವು.